ಮಡಚುವ ಕಾಲು

ವಿಜಾಪುರದ ದವಾಖಾನೆಯ ಬೆಂಚಿನ ಮೇಲೆ ಈರಯ್ಯನವರು ತಮ್ಮ ಸರದಿ ಕಾಯುತ್ತ, ಶಿವನಾಮ ಜಪಿಸುತ್ತ ಕುಳಿತಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಮೊಣಕಾಲಿಗೆ ಗುಂಡು ತಿಂದ ಹೊನವಾಡದ ಲಾಡಲೇಸಾಬ, ಡಾಕ್ಟರ ಕೋಣೆಯಿಂದ ಕುಂಟುತ್ತ ಬಂದು ಅದೇ ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕುಳಿತ.

“ಏನಂದ್ರು?” ಎಂದಳು ಮದೀನಾಬಿ.

“ಆಪರೇಶನ್ ಮಾಡಿ ಕೀಲು ಕೂಡಿಸಿಬಿಟ್ರ ನೋವು ಹೋಗತೈತಂತ. ಆದ್ರ ಕಾಲು ಕೋಲಿನಂಗ ನೆಟ್ಟಗ. ಮುಂದ ಮಡಚಾಕ ಬರೂದಿಲ್ಲ.”

“ಯಾ ಅಲ್ಲಾ! ನೀವೇನಂದ್ರಿ?”

“‘ನಿಮ್ಮ ಹುಕುಂ, ಸಾಬ್’ ಅಂದೆ. ‘ಕಾಲು ನಿಂದು, ಹೇಣ್ತಿನ್ನ ಕೇಳಿ ನೀನ ಹೇಳು’ ಅಂದ್ರು. ಮಿಲ್ಟ್ರಿಯೊಳಗ ಯಾರೂ ನನ್ನ ಕೇಳಿದ್ದಿಲ್ಲ ನೋಡು.”

“ನಮಾಜಿಗೆ ಹೆಂಗ ಕುಂಡ್ರತೀರಿ?”

“ಸ್ಟೂಲಿನ ಮ್ಯಾಲೆ ಕುಂತು ಮಾಡಿದ್ರೂ ಅಲ್ಲಾ ಒಪ್ಪತಾನ. ಹಾಲು ಹಿಂಡೂವಾಗ ಎಮ್ಮಿ ಒಪ್ಪಬೇಕಲ್ಲ! ಸ್ಟೂಲ್ ತಂದ್ರ ಒದ್ದೇ ಬಿಡತೈತಿ.”

ಮದೀನಾಬಿ ನಗಲಿಲ್ಲ.

“ರಾತ್ರಿ ದಿಂಬು ಕಚ್ಚಿ ನರಳತೀರಲ್ಲ, ಅದನ್ನ ಹೇಳಿದ್ರೇನು?”

“ನೋವು ಸ್ವಲ್ಪ ಐತಿ ಅಂದೆ.”

“ಸ್ವಲ್ಪ? ಹಿಂಗ ಮುಚ್ಚಿಟ್ರ ಅವರಾದ್ರೂ ಏನ ಹೇಳ್ಯಾರು?”

“ಸಿಪಾಯಿ ಆದಾಂವ ಡಾಕ್ಟರ ಮುಂದ ಅಳಬೇಕೇನು?”

“ಅಳಬ್ಯಾಡ್ರಿ. ನಾನೂ ಒಳಗ ಬರತೀನಿ. ಎಮ್ಮಿ ನಾ ಹಿಂಡತೀನಿ. ಒದ್ರ ನನ್ನ ಒದೀಲಿ.”

ಒಳಗಿನಿಂದ ಕರೆ ಬಂತು. ಲಾಡಲೇಸಾಬ ಅಭ್ಯಾಸದಂತೆ ಸೆಟೆದು ನಿಂತ. ನೋವಿಗೆ ಮುಖ ಕಿವುಚಿತು. ಬಾಗಿಲ ಹತ್ತಿರ ಮದೀನಾಬಿ ತಡೆದು ನಿಂತಳು.

“ನಾ ಏನಂತ ಹೇಳಲಿ?”

“ರಾತ್ರೀದು ನೀ ಹೇಳು,” ಎಂದು ಆತ ಅವಳ ಹೆಗಲ ಮೇಲೆ ಕೈಯೂರಿದ. “ಹಗಲಿನ ನೋವು ನಾ ಹೇಳತೀನಿ.”

ಬಾಗಿಲು ಮುಚ್ಚಿತು. ಈರಯ್ಯನವರು ಹಣೆಯ ವಿಭೂತಿ ಮುಟ್ಟಿಕೊಂಡು, ಮುಂದಿನ ಜಪವನ್ನು ಅವರಿಬ್ಬರ ಹೆಸರಿನಲ್ಲಿ ಮಾಡಿದರು.