ಹತ್ತನೆಯ ಸೂಚಕರ ಸಹಿಯನ್ನು ಕುರಿತು

1. ಹೆಸರು: ಬಸಲಿಂಗಪ್ಪ ತಂದೆ ವಿರೂಪಾಕ್ಷಪ್ಪ ಕಡಬಿ
2. ವಯಸ್ಸು: 73 ವರ್ಷ
3. ಉದ್ಯೋಗ: ಒಕ್ಕಲುತನ. ಈ ಹಿಂದೆ 31 ವರ್ಷ ರಾಮದುರ್ಗದ ತಹಶೀಲ್ದಾರ ಕಚೇರಿಯ ಎದುರು ಅರ್ಜಿ ಬರೆಯುವ ಕೆಲಸ
4. ವಿದ್ಯಾಭ್ಯಾಸ: ಏಳನೆಯ ಇಯತ್ತೆ, ಮುಲ್ಕಿ ಪರೀಕ್ಷೆ ಪಾಸು
5. ವಿಳಾಸ: ಕೋಟೆ ಓಣಿ, ತೊರಗಲ್, ತಾ: ರಾಮದುರ್ಗ, ಜಿ: ಬೆಳಗಾವಿ
6. ಆರೋಪಿತಳೊಂದಿಗೆ ಸಂಬಂಧ: ನನ್ನ ಖಾಸ ಅಣ್ಣ ದಿವಂಗತ ಮಹಾಂತಪ್ಪನ ಮಗಳು
7. ಹೇಳಿಕೆ ನೀಡಿದ ದಿನ ಮತ್ತು ವೇಳೆ: 24-04-2023, ಸೋಮವಾರ, ಬೆಳಿಗ್ಗೆ 10.40ರಿಂದ

ಮೇಲೆ ಕಾಣಿಸಿದ ನಾನು ಯಾರ ಕರೆಯೂ ಯಾರ ಒತ್ತಾಯವೂ ಇಲ್ಲದೆ ಈ ದಿನ ನಾನಾಗಿಯೇ ಠಾಣೆಗೆ ಹಾಜರಾಗಿ, ನನ್ನ ಮಾತುಗಳಲ್ಲಿಯೇ ಬರೆದುಕೊಳ್ಳಬೇಕೆಂದು ಕೇಳಿಕೊಂಡು ಬರೆಯಿಸಿದ ಸಂಗತಿ ಹೀಗಿದೆ.

ದಿನಾಂಕ 22-04-2023ರಂದು ಈ ಠಾಣೆಯಲ್ಲಿ ಅನ್ನಪೂರ್ಣಾ ಗಂಡ ಶ್ರೀಶೈಲ ಬೆಟಗೇರಿ, ವಯಸ್ಸು 39, ಇವಳ ಮೇಲೆ ಖೊಟ್ಟಿ ಸಹಿಯ ಬಗ್ಗೆ ಪ್ರಕರಣ ದಾಖಲಾಗಿದೆ. ವಿಧಾನಸಭೆ ಚುನಾವಣೆಗೆ ಪಕ್ಷೇತರ ಅಭ್ಯರ್ಥಿಯಾಗಿ ಅವಳು ಸಲ್ಲಿಸಿದ ನಾಮಪತ್ರದಲ್ಲಿ ಹತ್ತನೆಯ ಸೂಚಕಳಾದ ಬಾಯವ್ವ ಗಂಡ ಬೀರಪ್ಪ ಪೂಜೇರಿ ಇವಳ ಹೆಸರಿನ ಮುಂದಿರುವ ಸಹಿ ಬಾಯವ್ವನದಲ್ಲ ಎಂಬುದು ದೂರು. ದೂರು ನಿಜವಿದೆ. ಆದರೆ ಸದರಿ ಸಹಿಯನ್ನು ಮಾಡಿದವನು ನಾನು. ಅನ್ನಪೂರ್ಣಾಗೆ ಅದು ತಿಳಿದಿರಲಿಲ್ಲ. ನಡೆದದ್ದನ್ನು ದಿನಾಂಕದ ಅನುಕ್ರಮದಲ್ಲಿ ಹೇಳುತ್ತೇನೆ.

ಅನ್ನಪೂರ್ಣಾ ಬಿ.ಎ. ಮುಗಿಸಿ 2007ರಲ್ಲಿ ಧಾರವಾಡ ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕಿಯಾದಳು. ತಿಂಗಳಿಗೆ ಆರು ಪಾಳಿ ಸಿಗುತ್ತಿದ್ದವು. ಮದುವೆಯಾದ ಬಳಿಕ 2014ರಲ್ಲಿ ರಾಮದುರ್ಗ ಭಾಗದ ಒಂದು ಸಮುದಾಯ ರೇಡಿಯೋ ಕೇಂದ್ರಕ್ಕೆ ಸೇರಿದಳು. ಅಲ್ಲಿ ಪ್ರತಿ ಮಂಗಳವಾರ ಬೆಳಿಗ್ಗೆ 7.10ರಿಂದ 7.35ರವರೆಗೆ ‘ಹೇಳ್ರಿ, ಕೇಳತೇನಿ’ ಎಂಬ ಕಾರ್ಯಕ್ರಮ ನಡೆಸುತ್ತಿದ್ದಳು. ಜನರು ಫೋನ್ ಮಾಡಿ ತಮ್ಮ ತಕರಾರು ಹೇಳಬೇಕು. ಯಾವ ಕಚೇರಿ, ಅರ್ಜಿ ಕೊಟ್ಟ ದಿನ ಯಾವುದು, ಸ್ವೀಕೃತಿ ಸಂಖ್ಯೆ ಎಷ್ಟು ಎಂದು ಅವಳು ಕೇಳುತ್ತಿದ್ದಳು. ಅರ್ಜಿಯನ್ನೇ ಕೊಡದವರನ್ನು ನನ್ನ ಬಳಿ ಕಳಿಸುತ್ತಿದ್ದಳು. ನಾನು ಬರೆದುಕೊಡುತ್ತಿದ್ದೆ. ಮುಂದಿನ ಮಂಗಳವಾರ ಅವಳು ಆ ಸಂಖ್ಯೆಯನ್ನು ರೇಡಿಯೋದಲ್ಲಿ ಓದಿ, ಕಚೇರಿಯವರು ಕೇಳುತ್ತಿದ್ದರೆ ಉತ್ತರ ಕೊಡಬೇಕೆಂದು ಹೇಳುತ್ತಿದ್ದಳು. ಎಂಟು ವರ್ಷಗಳಲ್ಲಿ ಹೀಗೆ ನಾನು ಬರೆದ ಅರ್ಜಿಗಳು 1,126.

ಬಾಯವ್ವ ನಮ್ಮ ಓಣಿಯವಳೇ. ವಯಸ್ಸು 66. ಓದು ಬರಹ ಇಲ್ಲ. ನನ್ನ ಮನೆಯಿಂದ ಅವಳ ಮನೆ 140 ಹೆಜ್ಜೆ. 2015ರ ಜೂನ್ ತಿಂಗಳಲ್ಲಿ ಅವಳು ಮೊದಲ ಸಲ ಫೋನ್ ಮಾಡಿ, ಬಾಯಾರ, ಕ್ರಾಸಿನ್ಯಾಗ ಕೈ ಮಾಡಿ ಮಾಡಿ ರಟ್ಟಿ ಬಿದ್ದುವು, ಬಸ್ಸಿನ ಡ್ರೈವರ ನಮ್ಮನ್ನ ಬೇಲಿಗಿಡ ಅಂತ ತಿಳದಾನೇನ್ರಿ ಎಂದು ಕೇಳಿದ್ದಳು. ಹನ್ನೊಂದು ಮಂಗಳವಾರ ಅದೇ ಮಾತನ್ನು ಕೇಳಿದಳು. ಹನ್ನೆರಡನೆಯ ಮಂಗಳವಾರ ಕ್ರಾಸಿನಿಂದಲೇ ಫೋನ್ ಮಾಡಿ, ಮೊಬೈಲನ್ನು ಬಸ್ಸಿನ ಬಾಗಿಲಿಗೆ ಹಿಡಿದು, ಕೇಳ್ರಿ, ನಿಂತೈತಿ ಎಂದಳು. ಹಾರ್ನ್ ರೇಡಿಯೋದಲ್ಲಿ ಕೇಳಿಸಿತು. ಆ ದಿನದಿಂದ ಅನ್ನಪೂರ್ಣಾಳನ್ನು ನಮ್ಮ ಭಾಗದಲ್ಲಿ ‘ಏಳು ಹತ್ತರ ಬಾಯಾರು’, ಅಂದರೆ 7.10ರ ಅಕ್ಕಾವರು, ಎಂದು ಕರೆಯುತ್ತ ಬಂದರು.

2022ರ ನವೆಂಬರ್ ತಿಂಗಳಲ್ಲಿ ರೇಡಿಯೋ ನಡೆಸುವ ಸಂಸ್ಥೆಯವರು ಕಚೇರಿಗಳ ಹೆಸರು ಹೇಳುವುದನ್ನು ಬಿಡಬೇಕೆಂದು ತಿಳಿಸಿದರು. ಅನ್ನಪೂರ್ಣಾ ದಿನಾಂಕ 30ರಂದು ರಾಜೀನಾಮೆ ಕೊಟ್ಟಳು. ಡಿಸೆಂಬರ್ 5ರಂದು ರಾಮದುರ್ಗ ಬಸ್ ನಿಲ್ದಾಣದಲ್ಲಿ ಬಾಯವ್ವ ಅವಳ ಕೈ ಹಿಡಿದು, ಕುಂತು ಕೇಳಿದ್ದಕ್ಕ ಬಾಯಿ ಮುಚ್ಚಿಸಿದ್ರಲ್ಲವಾ, ಇನ್ನ ಎದ್ದು ನಿಂತು ಕೇಳು, ವಿಧಾನಸೌಧದಾಗ ಮೈಕ ಇರಾಂಗಿಲ್ಲೇನು ಎಂದಳು. ಅನ್ನಪೂರ್ಣಾ ನಕ್ಕಳು. ತದನಂತರ ಎರಡು ಪಕ್ಷದವರು ಟಿಕೇಟು ಕೊಡುತ್ತೇವೆಂದು ಅವಳ ಮನೆಗೆ ಬಂದು ಹೋದರು. ಟಿಕೇಟಿನ ಹಿಂದ ಏನ ಮಾತಾಡಬಾರದು ಅನ್ನೂ ಪಟ್ಟಿನೂ ಬರತೈತಿ ಕಾಕಾ, ನಾ ಪಕ್ಷೇತರ ನಿಲ್ಲತೇನಿ ಎಂದು ಅವಳು ನನಗೆ ತಿಳಿಸಿದಳು. ನಾಮಪತ್ರವನ್ನು ನಾನೇ ಬರೆಯಬೇಕೆಂದೂ ಹೇಳಿದಳು.

ದಿನಾಂಕ 18-04-2023ರಂದು ನಾನು ತಹಶೀಲ್ದಾರ ಕಚೇರಿಯಲ್ಲಿಯೇ ತೆರೆದಿದ್ದ ಚುನಾವಣಾಧಿಕಾರಿಗಳ ಕಚೇರಿಗೆ ಹೋಗಿ ವಿಚಾರಿಸಿದೆ. ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು, ಕೊನೆಯ ವೇಳೆ 20ರ ಮಧ್ಯಾಹ್ನ 3.00, ಸಹಿ ಬಾರದ ಸೂಚಕರು ಅಧಿಕಾರಿಗಳ ಎದುರಿನಲ್ಲಿಯೇ ಹೆಬ್ಬೆಟ್ಟು ಒತ್ತಬೇಕು, ಅಭ್ಯರ್ಥಿಯನ್ನು ಸೇರಿಸಿ ಐವರಿಗೆ ಮಾತ್ರ ಒಳಗೆ ಪ್ರವೇಶ, ಉಳಿದವರು 100 ಮೀಟರ್ ಆಚೆ ಕಟ್ಟಿದ ಹಗ್ಗದ ಹೊರಗೆ ನಿಲ್ಲಬೇಕು ಎಂದು ಅಲ್ಲಿಯ ಗುಮಾಸ್ತರು ವಿವರವಾಗಿ ಹೇಳಿದರು. ಆದಕಾರಣ ನಿಯಮ ತಿಳಿಯದೆ ಮಾಡಿದೆನೆಂದು ನಾನು ಹೇಳುವುದಿಲ್ಲ.

ದಿನಾಂಕ 19ರ ಸಂಜೆ 6.30ಕ್ಕೆ ಅನ್ನಪೂರ್ಣಾಳ ಮನೆಯ ಅಂಗಳದಲ್ಲಿ ಒಂಬತ್ತು ಜನ ಸಹಿ ಮಾಡಿದರು. ಮೊದಲನೆಯ ಸೂಚಕ ನಾನು. ಹತ್ತನೆಯ ಹೆಸರು ಬಾಯವ್ವನದೇ ಇರಬೇಕೆಂದು ಅನ್ನಪೂರ್ಣಾಳ ಹಟವಿತ್ತು. ಸಹಿ ಬರುವವರು ಅಂಗಳದಲ್ಲಿ ಇನ್ನೂ ಇಪ್ಪತ್ತು ಜನರಿದ್ದರು. ಒಳಗೆ ಹೋಗುವ ಐವರ ಹೆಸರನ್ನು ಅವಳು ಹೇಳಿದಳು. ಅವಳು, ಗಂಡ ಶ್ರೀಶೈಲ, ವಕೀಲ ಗೌರೀಶ, ರೇಡಿಯೋದಲ್ಲಿ ಜೊತೆಗಿದ್ದು ಈಗ ಚುನಾವಣಾ ಏಜೆಂಟಳಾದ ಇಂದ್ರವ್ವ, ಐದನೆಯವಳು ಬಾಯವ್ವ. ನನ್ನ ಕಡೆ ತಿರುಗಿ, ಕಾಕಾ, ನೀವು ಸಿಟ್ಟಿಗೇಳಬ್ಯಾಡ್ರಿ, ಐದ ಮಂದಿ ಅಂತ, ಬಾಯವ್ವನ ಹೆಬ್ಬಟ್ಟ ಒಳಗ ಒತ್ತಿಸಬೇಕಲ್ರಿ ಎಂದಳು. ನಾನು ಸಿಟ್ಟಿಲ್ಲವೆಂದು ಹೇಳಿದೆ. ಒಂಬತ್ತರಲ್ಲಿ ಒಬ್ಬನಾದ ಮುದಕಪ್ಪನು, ಅಜ್ಜಾರು ಹಗ್ಗ ಕಾಯಲಿ ಬಿಡ್ರಿ, ಯಾರರ ಕಾಯಬೇಕಲ್ಲ ಎಂದು ಚೇಷ್ಟೆ ಮಾಡಿದನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ 31 ವರ್ಷ ಕುಳಿತು ಬರೆದಿದ್ದೇನೆ. ಒಳಗೆ ಕುರ್ಚಿಯ ಮೇಲೆ ಒಮ್ಮೆಯೂ ಕುಳಿತಿರಲಿಲ್ಲ.

ದಿನಾಂಕ 20, ಗುರುವಾರ, ಬೆಳಿಗ್ಗೆ 7.50ಕ್ಕೆ ನಾನು ಬಾಯವ್ವನ ಮನೆಗೆ ಹೋದೆ. ಅವಳು ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು. ಟಂಟಂ ಗಾಡಿ ಬಂತೇನಣ್ಣಾ ಎಂದು ಕೇಳಿದಳು. ನೀನು ಬರುವ ಅವಶ್ಯಕತೆ ಇಲ್ಲ, ನಿನ್ನ ಪರವಾಗಿ ನಾನು ಹೆಸರು ಬರೆಯುತ್ತೇನೆ ಎಂದು ಹೇಳಿದೆ. ಊರಿನ ಅರ್ಜಿಗಳಲ್ಲಿ ಸಹಿ ಬಾರದವರ ಹೆಸರನ್ನು ಅವರ ಒಪ್ಪಿಗೆ ಕೇಳಿ ನಾನೇ ಬರೆಯುವ ರೂಢಿ ಮೊದಲಿನಿಂದ ಇತ್ತು. ಯಾವ ಕಚೇರಿಯವರೂ ತಕರಾರು ಮಾಡಿದ್ದಿಲ್ಲ. ಬಾಯವ್ವ ನನಗೆ, ಅನ್ನಪೂರ್ಣಾ ಬರಾಕಬೇಕು ಅಂದಿದ್ಲಲ್ಲೋ ಎಂದಳು. ನಿಯಮ ಬದಲಾಗಿದೆ ಎಂದು ಸುಳ್ಳು ಹೇಳಿದೆ. ಹಂಗಾದ್ರ ನಿನಗ ಗೊತ್ತಿರತೈತಿ ಬಿಡು ಎಂದಳು. 8.05ಕ್ಕೆ ನನ್ನ ಮನೆಗೆ ಮರಳಿ, ಕದ ಮುಂದೆ ಮಾಡಿ, ನಾಮಪತ್ರದ ಹತ್ತನೆಯ ಸಾಲಿನಲ್ಲಿ ಕನ್ನಡದಲ್ಲಿ ‘ಬಾಯವ್ವ ಬೀ. ಪೂಜೇರಿ’ ಎಂದು ಸಹಿಯಂತೆ ಬರೆದೆ. ನನ್ನ ಬರಹವೆಂದು ಗೊತ್ತಾಗಬಾರದೆಂದು ಅಕ್ಷರಗಳನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದೆ.

ಬಾಯವ್ವ ಒಳಗೆ ಹೋದರೆ ನಾನು ಹೊರಗೆ ನಿಲ್ಲಬೇಕಿತ್ತು. ಇದೇ ಕಾರಣ. ಬೇರೆ ಕಾರಣವಿಲ್ಲ.

9.20ಕ್ಕೆ ಅನ್ನಪೂರ್ಣಾಳ ಮನೆಗೆ ಹೋಗಿ, ಬಾಯವ್ವನಿಗೆ ಮೊಣಕಾಲು ಹಿಡಿದಿವೆ, ಬರುವುದಿಲ್ಲ, ಆದರೆ ಅವಳು ಸಹಿ ಕಲಿತಿದ್ದಾಳೆ, ನನ್ನ ಎದುರಿಗೆ ಮಾಡಿಕೊಟ್ಟಳು ಎಂದು ಹೇಳಿದೆ. ಅನ್ನಪೂರ್ಣಾ ಬಾಚಣಿಗೆಯನ್ನು ಕೆಳಗಿಟ್ಟು, ಬಾಯವ್ವ? ಸಹಿ? ನನಗೊಂದ ಮಾತ ಹೇಳಲಿಲ್ಲ ನೋಡ ಮುದುಕಿ ಎಂದು ದೊಡ್ಡದಾಗಿ ನಕ್ಕಳು. ಶ್ರೀಶೈಲನನ್ನು ಕರೆದು ಅವನಿಗೂ ಹೇಳಿದಳು. ಹಂಗಾದ್ರ ಐದನೆಯವರು ನೀವ ಬರ್ರಿ ಕಾಕಾ ಎಂದಳು. ನಾನು ಇಸ್ತ್ರಿ ಮಾಡಿದ ಧೋತರ ಉಟ್ಟುಕೊಂಡೇ ಹೋಗಿದ್ದೆ.

11.52ಕ್ಕೆ ನಾವು ಐವರು ಒಳಗೆ ಹೋದೆವು. ಅಧಿಕಾರಿಗಳು, ಕುಂತ್ರಿ ಅಜ್ಜಾರ ಎಂದರು. ಕುಳಿತೆ. ಕಾಗದಗಳ ಕಡತ ಆವರೆಗೆ ನನ್ನ ಕೈಯಲ್ಲಿಯೇ ಇತ್ತು. ಮೇಜಿನ ಮೇಲೆ ನಾನೇ ಬಿಚ್ಚಿಟ್ಟೆ. ಅನ್ನಪೂರ್ಣಾ ಸಹಿ ಮಾಡಿದಳು, ಹತ್ತನೆಯ ಸಾಲನ್ನು ನೋಡಲಿಲ್ಲ. ಅವಳು ರೇಡಿಯೋದಲ್ಲಿ ಯಾವ ಕಾಗದವನ್ನೂ ಎರಡು ಸಲ ಓದದೆ ಮೈಕಿನ ಮುಂದೆ ಒಯ್ದವಳಲ್ಲ. ನಾನು ಬರೆದ ಕಾಗದವನ್ನು ಮಾತ್ರ ಎಂದೂ ಓದಿ ನೋಡಿದವಳಲ್ಲ. ಬಳಿಕ ಅವಳು ನಿಂತು ಪ್ರಮಾಣವಚನ ಓದಿದಳು. ಮೂಲೆಯಲ್ಲಿದ್ದ ಒಬ್ಬ ಗುಮಾಸ್ತರು ತಲೆ ಎತ್ತಿ, ಏಳು ಹತ್ತರ ಬಾಯಾರ ಅಲ್ರೀ ನೀವು ಎಂದರು. 12.31ಕ್ಕೆ ಹೊರಗೆ ಬಂದೆವು. ಒಟ್ಟು 39 ನಿಮಿಷ.

ದಿನಾಂಕ 21, ಶುಕ್ರವಾರ, ಬೆಳಿಗ್ಗೆ 11.00ಕ್ಕೆ ಪರಿಶೀಲನೆ ಆರಂಭವಾಯಿತು. ಅಭ್ಯರ್ಥಿ, ಏಜೆಂಟಳಾದ ಇಂದ್ರವ್ವ, ವಕೀಲ ಗೌರೀಶ, ಮತ್ತು ಸೂಚಕನೆಂದು ನಾನು ಹಾಜರಿದ್ದೆವು. ಮತ್ತೊಬ್ಬ ಅಭ್ಯರ್ಥಿಯ ಏಜೆಂಟರು, ಹತ್ತನೆಯ ಸೂಚಕಳಿಗೆ ಅಕ್ಷರ ಬರುವುದಿಲ್ಲ ಎಂದು ತಕರಾರು ಸಲ್ಲಿಸಿದರು. ಅಧಿಕಾರಿಗಳು ಜೀಪು ಕಳಿಸಿದರು. 1.20ಕ್ಕೆ ಬಾಯವ್ವ ಬಂದಳು. ನಾನು ಎದ್ದು ಆಗಲೇ ಹೇಳಬಹುದಿತ್ತು. ಏಳಲಿಲ್ಲ.

ಅಧಿಕಾರಿಗಳು ಪ್ರಶ್ನೆ ಕೇಳುವುದಕ್ಕೆ ಮೊದಲೇ ಅನ್ನಪೂರ್ಣಾ ಕುರ್ಚಿಯಿಂದ ಅರ್ಧ ಎದ್ದು, ಏನ ಬಾಯವ್ವಾ, ಸಹಿ ಕಲತಿ ಅಂತಲ್ಲ ಎಂದು ಸಂತೋಷದಿಂದ ಕೇಳಿದಳು. ಬಾಯವ್ವ, ಯಾರ ಹೇಳಿದ್ರವಾ ನಿನಗ ಎಂದಳು. ಕೋಣೆಯಲ್ಲಿದ್ದ ಎಲ್ಲರಿಗೂ ಇದು ಕೇಳಿಸಿದೆ. ಅನ್ನಪೂರ್ಣಾ ನನ್ನ ಕಡೆ ನೋಡಿದಳು. ಅಂದಾಜು ಮೂರು ಸೆಕೆಂಡು. ಬಳಿಕ ಮೇಜಿನ ಕಡೆ ತಿರುಗಿ ಕುಳಿತಳು. ತಕರಾರಿನ ಏಜೆಂಟರು, ರೇಡಿಯೋದವರಿಗೆ ನಾಟಕ ಹೊಸದೇನ್ರಿ ಎಂದರು.

ಈ ಸಹಿ ನಿನ್ನದೋ ಎಂದು ಅಧಿಕಾರಿಗಳು ಕೇಳಿದರು. ನನಗ ಬರಿಯಾಕ ಬರೂದಿಲ್ರಿ ಸಾಹೇಬ್ರ, ಆದ್ರ ಹೆಸರು ನಂದ ಐತಿ, ನಾ ಒಪ್ಪೇನಿ ಎಂದಳು. ಒಪ್ಪಿಗೆಯ ಪ್ರಶ್ನೆ ಅಲ್ಲವೆಂದು ಅವರು ಸೌಜನ್ಯದಿಂದಲೇ ಹೇಳಿದರು. ಬಾಯವ್ವ ಎಡಗೈ ಹೆಬ್ಬೆರಳನ್ನು ಸೆರಗಿನಿಂದ ಒರೆಸಿಕೊಂಡು, ಶಾಯಿ ತರ್ರಿ, ಈಗ ಒತ್ತತೇನಿ, ನಾ ಎಲ್ಲೂ ಓಡಿ ಹೋಗಿಲ್ಲ ಎಂದಳು. ನಿನ್ನೆ ಮೂರು ಗಂಟೆಗೆ ವೇಳೆ ಮುಗಿದಿದೆ ಎಂದು ಅಧಿಕಾರಿಗಳು ತಿಳಿಸಿದರು. ಬಾಯವ್ವ ಹೆಬ್ಬೆರಳನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದಳು. 2.05ಕ್ಕೆ ನಾಮಪತ್ರ ತಿರಸ್ಕಾರವಾಯಿತು.

ಹೊರಗೆ ಮೊಬೈಲ್ ಹಿಡಿದು ನಿಂತವರು ಅನ್ನಪೂರ್ಣಾಳನ್ನು ಸುತ್ತುವರಿದರು. ನಾಮಪತ್ರ ನಂದು, ತಪ್ಪೂ ನಂದ ಎಂದು ಒಂದೇ ಮಾತು ಹೇಳಿದಳು. ಬಳಿಕ ನನ್ನ ಬಳಿ ಬಂದು, ಕಾಕಾ, ನೀವು ಮುಂಜಾನಿಂದ ಏನೂ ತಿಂದಿಲ್ಲ ಎಂದಳು. ಸಹಿಯ ವಿಷಯ ಕೇಳಲಿಲ್ಲ. ಇವತ್ತಿನವರೆಗೆ ಕೇಳಿಲ್ಲ.

22ರಂದು ಪೊಲೀಸರು ವಿಚಾರಿಸಿದಾಗಲೂ ಅವಳು, ಅಭ್ಯರ್ಥಿಯಾಗಿ ಜವಾಬ್ದಾರಿ ತನ್ನದು ಎಂದಷ್ಟೇ ಬರೆಯಿಸಿದ್ದಾಳೆ. ಬಾಯವ್ವ, ಸಹಿ ಯಾರು ಮಾಡಿದರೋ ಗೊತ್ತಿಲ್ಲ ಎಂದು ಬರೆಯಿಸಿದ್ದಾಳೆ. ಬಾಯವ್ವನಿಗೆ ಗೊತ್ತಿದೆ. ಇಬ್ಬರೂ ನನ್ನ ಹೆಸರನ್ನು ಬಿಟ್ಟಿದ್ದಾರೆ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅದು ಮುಗಿದ ಬಳಿಕವೂ ಆರು ವರ್ಷ ಅನ್ನಪೂರ್ಣಾ ಚುನಾವಣೆಗೆ ನಿಲ್ಲುವಂತಿಲ್ಲ ಎಂದು ವಕೀಲ ಗೌರೀಶ ನನಗೆ ತಿಳಿಸಿದರು.

23ರಂದು ಬಸವ ಜಯಂತಿ. ಬೆಳಿಗ್ಗೆ 9.15ಕ್ಕೆ ಬಾಯವ್ವನ ಮನೆಗೆ ಹೋಗಿ, ಠಾಣೆಗೆ ಹೋಗುತ್ತೇನೆಂದು ಹೇಳಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸದೆ, ನೀ ಬರೂದ ಬ್ಯಾಡ ಅಂದಕೂಡ್ಲೆ ನಾ ಸೀರಿ ಬಿಚ್ಚಿ ಮಡಚಿ ಇಟ್ಟಬಿಟ್ಟಿನಿ ಅಣ್ಣಾ, ಹಟಾ ಮಾಡಿ ಬರಬೇಕಿತ್ತು, ತಪ್ಪು ನಂದ ಎಂದಳು. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಂಜೆ ಅನ್ನಪೂರ್ಣಾ ಫೋನ್ ಮಾಡಿ, ಬಾಯವ್ವ ಹೇಳಿದ್ಲು, ನೀವು ಹೋಗಬ್ಯಾಡ್ರಿ ಕಾಕಾ, ಠಾಣೆದಾಗಿನ ಆ ಬಾಕಿನ ಮ್ಯಾಲ ತಾಸಗಟ್ಲೆ ಕುಂಡರೂದು ನಿಮಗ ಆಗೂದಿಲ್ಲ ಎಂದಳು. ಆಗಲಿ ಎಂದೆ. ಈ ದಿನ ಬೆಳಿಗ್ಗೆ ಅವಳಿಗೆ ತಿಳಿಸದೆ ಬಂದಿದ್ದೇನೆ.

ಪ್ರಯುಕ್ತ, ಸದರಿ ಅಪರಾಧವನ್ನು ನನ್ನ ಮೇಲೆ ದಾಖಲಿಸಬೇಕು, ಅನ್ನಪೂರ್ಣಾಳ ಹೆಸರನ್ನು ಕೈಬಿಡಬೇಕು. ನನ್ನ ಹೇಳಿಕೆಯೊಂದರಿಂದಲೇ ಅವಳ ಹೆಸರು ಹೋಗುವುದಿಲ್ಲ, ಬರವಣಿಗೆಯ ತಾಳೆ ಬೇಕು ಎಂದು ಪಿಎಸ್‌ಐ ಸಾಹೇಬರು ತಿಳಿಸಿದರು. ಅವರ ಎದುರಿಗೆ ಬಾಯವ್ವನ ಹೆಸರನ್ನು ಆರು ಸಲ ಬರೆದುಕೊಟ್ಟೆ, ಮೂರು ಸಲ ನನ್ನ ರೂಢಿಯಂತೆ, ಮೂರು ಸಲ ಹಿಂದಕ್ಕೆ ವಾಲಿಸಿ. ಹಾಳೆ ತೆಗೆದುಕೊಂಡ ಪೇದೆ, ಅಜ್ಜಾರ, ಅಕ್ಷರ ಭಾಳ ಚೆಂದ ಅದಾವ್ರಿ ಎಂದರು.

ಇದರಲ್ಲಿ ಕಂಡದ್ದು, ಕೇಳಿದ್ದು, ಮಾಡಿದ್ದು ಬಿಟ್ಟು ಬೇರೆ ಸೇರಿಸಿಲ್ಲ. ಬರೆದಾದ ಮೇಲೆ ಪೂರ್ತಿ ಓದಿ ನೋಡಿದ್ದೇನೆ. ತಿದ್ದುವುದು ಏನೂ ಇಲ್ಲ.

ಸ್ಥಳ: ರಾಮದುರ್ಗ
ದಿನಾಂಕ: 24-04-2023, ಮಧ್ಯಾಹ್ನ 1.15

(ಸಹಿ) ಬಸಲಿಂಗಪ್ಪ ವಿ. ಕಡಬಿ

ಲಗತ್ತು: ‘ಬಾಯವ್ವ ಬೀ. ಪೂಜೇರಿ’ ಎಂದು ನಾನು ಕೈಯಾರೆ ಆರು ಸಲ ಬರೆದ ಹಾಳೆ – 1