ದ್ವೀಪದ ಕಥೆಗಳ ಕೊನೆಯ ಫಾರಂ

ನಾನು, ಓಣಿಯವರೆಲ್ಲ ಸೂಜಿ ಮಾವ ಎಂದು ಕರೆಯುವವನು, ವಯಸ್ಸು 52, ಕಸುಬು ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುವುದು, ವಾಸ ಮುದ್ರಣಾಲಯದ ಹಿಂದಿನ ಓಣಿಯ ಮೂರನೇ ಮನೆ, ಠಾಣೆಗೆ ಸ್ವತಃ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಒಡಹುಟ್ಟಿದ ತಮ್ಮ ನೀರು ಸರಬರಾಜು ಕಚೇರಿಯ ಗುಮಾಸ್ತ. ಕಡು ಬಿಸಿಲಿನ ದ್ವೀಪಗಳಲ್ಲಿ ನಡೆಯುವ ಹನ್ನೊಂದು ಪತ್ತೇದಾರಿ ಸಾಹಸ ಕಥೆಗಳನ್ನು ಬರೆದಿದ್ದಾನೆ. ಅವನು ಸಮುದ್ರದ ಮುಖ ಕಂಡವನಲ್ಲ. ಎರಡು ವರ್ಷ ಸರಕಿನ ದೋಣಿಯಲ್ಲಿ ದುಡಿದು ಆ ದ್ವೀಪಗಳಲ್ಲಿ ಇಳಿದು ಬಂದವನು ನಾನು. ತೆಂಗಿನ ಮರ ಹತ್ತುವ ಏಡಿಯ ಸಂಗತಿ ಅವನಿಗೆ ಹೇಳಿದವನೂ ನಾನೇ. ಪುಸ್ತಕದ ಮೇಲಿರುವುದು ಅವನ ಹೆಸರು.

ಪುಸ್ತಕ ನಮ್ಮಲ್ಲೇ ಅಚ್ಚಾಯಿತು. ಹದಿನಾರು ಪುಟಗಳ ಒಂದು ಮಡಿಕೆಗೆ ನಾವು ಫಾರಂ ಎನ್ನುತ್ತೇವೆ. ಸೋಮವಾರ ನಾನು ಮನೆಗೆ ಒಯ್ದ ಮೊದಲ ಹತ್ತು ಫಾರಂಗಳನ್ನು ನನ್ನ ಹೆಂಡತಿ ಓದಲು ಕುಳಿತಳು. ಅನ್ನ ತಳ ಹಿಡಿದದ್ದೂ ಅವಳಿಗೆ ತಿಳಿಯಲಿಲ್ಲ. ‘ನಿಮ್ಮ ತಮ್ಮನ ತಲೆಯೇ ತಲೆ ಕಣ್ರೀ’ ಎಂದಳು. ಮದುವೆಯಾಗಿ 24 ವರ್ಷವಾಯಿತು. ನನ್ನ ತಲೆಯ ಬಗ್ಗೆ ಅವಳು ಹೇಳಿರುವುದು ಎಣ್ಣೆ ಹಚ್ಚಿಕೊಳ್ಳಿ ಎಂದು ಮಾತ್ರ. ಕೊನೆಯ ಕಥೆಯಲ್ಲಿ ನಿಧಿಯ ನಕ್ಷೆ ಕದ್ದವನು ಯಾರೆಂದು ಮೂರು ದಿನ ಬಿಡದೆ ಕೇಳಿದಳು. ನನಗೆ ಹೊಟ್ಟೆ ಉರಿಯಿತು, ಸ್ವಾಮಿ. ಇದನ್ನು ಹೀಗೆಯೇ ಬರೆದುಕೊಳ್ಳಬೇಕು.

ಗುರುವಾರ ಮಧ್ಯಾಹ್ನ 1.10ಕ್ಕೆ ಎಲ್ಲರೂ ಊಟಕ್ಕೆ ಹೋದಾಗ, ಕಳ್ಳನ ಗುಟ್ಟು ಬಯಲಾಗುವ ಕೊನೆಯ, ಅಂದರೆ ಹನ್ನೊಂದನೇ ಫಾರಂನ 300 ಪ್ರತಿಗಳನ್ನು ಎರಡು ಕಟ್ಟು ಮಾಡಿ, 80 ಹೆಜ್ಜೆ ದೂರದ ನನ್ನ ಮನೆಗೆ ಹೊತ್ತೊಯ್ದು ಮಂಚದ ಕೆಳಗೆ ತಳ್ಳಿದೆ. ಭಾನುವಾರದ ಪುಸ್ತಕ ಬಿಡುಗಡೆ ನಿಲ್ಲಲಿ ಎಂಬುದೇ ಉದ್ದೇಶ. ಮಾಲೀಕರು ಕಾಗದ ಸಾಗಿಸುವ ವ್ಯಾನಿನ ಚಾಲಕನ ಮೇಲೆ ದೂರು ಕೊಟ್ಟರು. ತಮ್ಮ ಮಾತ್ರ ಪಾಪದವನನ್ನು ಬಿಟ್ಟುಬಿಡಿ ಎಂದು ಅವರನ್ನು ಕೇಳಿಕೊಂಡ. ನನ್ನ ಕಡೆ ನೋಡಲಿಲ್ಲ.

ಇಂದು ಶುಕ್ರವಾರ ಬೆಳಿಗ್ಗೆ 9.30ಕ್ಕೆ, ಹೆಂಡತಿ ಅಂಗಡಿಗೆ ಹೋಗಿದ್ದಾಗ, ಒಂದು ಪ್ರತಿ ಎಳೆದು ಓದಿದೆ. ಮೂವತ್ತು ವರ್ಷದಿಂದ ಪುಸ್ತಕ ಹೊಲಿಯುತ್ತಿದ್ದರೂ ಓದಿದ್ದು ಇದೇ ಮೊದಲು. ನಕ್ಷೆ ಕದ್ದವನು ಕಥಾನಾಯಕನ ಅಣ್ಣ, ದೋಣಿ ನಡೆಸುವವನು. ನಾಯಕನಿಗೆ ಇದು ಮೊದಲಿನಿಂದಲೂ ಗೊತ್ತು. ಆದರೂ ಅವನು ನಕ್ಷೆಯನ್ನು ಕೇಳುವುದಿಲ್ಲ. ‘ಅಣ್ಣಾ, ದಾರಿ ಗೊತ್ತಿರೋನು ನೀನೊಬ್ಬನೇ. ಚುಕ್ಕಾಣಿ ನೀನೇ ಹಿಡ್ಕೋ’ ಎನ್ನುತ್ತಾನೆ. ಆ ಪುಟವನ್ನು ಮೂರು ಸಲ ಓದಿದೆ. 10.15ಕ್ಕೆ ಠಾಣೆಗೆ ಬಂದೆ.

ಚಾಲಕನದು ಏನೂ ತಪ್ಪಿಲ್ಲ. ಎರಡೂ ಕಟ್ಟುಗಳನ್ನು ಹಾಜರುಪಡಿಸಿದ್ದೇನೆ. ಶಿಕ್ಷೆ ಏನು ಬೇಕಾದರೂ ಕೊಡಿ. ಭಾನುವಾರದೊಳಗೆ ಆ 300 ಪುಸ್ತಕಗಳನ್ನು ಹೊಲಿಯಲು ಮಾತ್ರ ನನ್ನನ್ನು ಬಿಡಬೇಕೆಂದು ಕೋರುತ್ತೇನೆ. ಬೇರೆಯವರು ಹೊಲಿದರೆ ಕೊನೆಯ ಫಾರಂ ಬೇಗ ಕಿತ್ತು ಬರುತ್ತದೆ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ಎಲ್ಲವೂ ನಾನು ಹೇಳಿದ್ದೇ, ನಿಜವೇ.

ಸ್ಥಳ: ಠಾಣೆಯ ಬರಹಗಾರರ ಮೇಜು
ದಿನ: ಶುಕ್ರವಾರ, ಬೆಳಿಗ್ಗೆ 11.40
ಸಹಿ: ಪುಸ್ತಕ ಬರೆದವನ ಅಣ್ಣ