ಕಾಕಾ ಕೊಟ್ಟ ಹೇಳಿಕೆ

ಅಫಿಡವಿಟ್‌ಗೆಂದು ಹುನಗುಂದದ ಕೋರ್ಟಿನ ವರಾಂಡದಲ್ಲಿ ಕೂತಿದ್ದ ಭುವನೇಶ್ವರಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಟೆಂಪೊ ಡ್ರೈವರ್ ನಾಗಲಿಂಗ ತನ್ನ ಕಾಕಾನ ಮೇಲೆ ಹರಿಹಾಯ್ದಿದ್ದ.

“ಪೊಲೀಸರು ಬಂದಾಗ ಗಾಡಿ ಧಾಬಾದ ಮುಂದ ನಿಂತಿತ್ತು. ನಾ ಒಳಗ ಮಲಗಿದ್ದೆ. ಕುಡದು ಹೊಡದದ್ದು ನಿನ್ನ ಬಿಟ್ರ ಯಾರೂ ನೋಡಿರ್ಲಿಲ್ಲ.”

“ಖರೆ.”

“ಮತ್ತ ಯಾಕ ಬಾಯಿ ಬಿಟ್ಟಿ?”

“ನಿನ್ನ ಬಿಡ್ಲಿ ಅಂತ. ಎಷ್ಟ ಕುಡದ್ರೂ ಕೆರೂರಿಂದ ಅಮೀನಗಡತನಾ ಒಂದು ಗೀರು ಬೀಳದಂಗ ಹೊಡ್ಕೊಂಡು ಬಂದಾನ್ರಿ ಅಂದೆ.”

“ಅದನ್ನ ಇದ್ದಂಗ ಬರಕೊಂಡಾರ! ಲೈಸನ್ಸ್ ಹೋದ್ರ ಮನಿ ಹೆಂಗ ನಡೀತೈತಿ?”

“ಹೊಗಳಿದ್ದೂ ತಪ್ಪೇನೋ?”

ಒಳಗಿನಿಂದ ಜವಾನ ಕೂಗಿದ: “ಸಾಕ್ಷಿ ಹೊಳಬಸಪ್ಪ!”

ಕಾಕಾ ರುಮಾಲು ಸರಿಮಾಡಿಕೊಂಡು ಎದ್ದ. “ಚಿಂತಿ ಮಾಡಬ್ಯಾಡ. ಜಡ್ಜ್ ಸಾಹೇಬ್ರ ಮುಂದ ಇನ್ನೂ ಗಟ್ಟಿಯಾಗಿ ಹೇಳ್ತೇನಿ.”